ಮಾರ್ಜ್ ಸಿಂಪ್ಸನ್: ಎಲ್ಲರೂ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬಳಗದಲ್ಲಿ ಸಿಂಪ್ಸನ್ಸ್ ಹುಚ್ಚು ಇರುವವಳು ನಾನೊಬ್ಬಳೇ. ಹಾಗಾಗಿ ನೆಂಟರು, ಆಫೀಸಿನವರು, ಈಗೀಗ ಮಗಳ ಗೆಳತಿಯರು ಕೂಡ ಪ್ರಶ್ನೆ ಕೇಳುವುದು ನನ್ನನ್ನೇ. ಹೋಮರ್ ಬಗ್ಗೆ ಯಾರೂ ಕೇಳುವುದಿಲ್ಲ, ಅಂಥ ಗಂಡಸರನ್ನು ಎಲ್ಲರೂ ನೋಡಿದ್ದಾರೆ. ಎಲ್ಲರ ಕುತೂಹಲ ಆ ನೀಲಿ ಕೂದಲಿನ ಹೆಂಗಸಿನ ಮೇಲೆ. ಹೇಳಿದ್ದನ್ನೇ ಹೇಳಿ ಸಾಕಾಗಿದೆ, ಅದಕ್ಕೆ ಒಂದೇ ಸಲ ಬರೆದು ಇಡುತ್ತಿದ್ದೇನೆ.

ಮಾರ್ಜ್ ಯಾರು? ಒಂದೇ ಸಾಲಿನಲ್ಲಿ ಹೇಳಿ.

'ದಿ ಸಿಂಪ್ಸನ್ಸ್' ಅನ್ನುವ ಅಮೆರಿಕದ ಕಾರ್ಟೂನ್ ಧಾರಾವಾಹಿಯ ಅಮ್ಮ.

ಇನ್ನೂ ಸ್ವಲ್ಪ ಬೇಕಾದರೆ, ಪೂರ್ತಿ ಹೆಸರು ಮಾರ್ಜೊರಿ ಜಾಕ್ವೆಲಿನ್ ಬೂವಿಯೇ ಸಿಂಪ್ಸನ್. ಸ್ಪ್ರಿಂಗ್‌ಫೀಲ್ಡ್ ಅನ್ನುವ ಊರು, 742 ಎವರ್‌ಗ್ರೀನ್ ಟೆರೇಸ್ ಅನ್ನುವ ಮನೆ. ಗಂಡ ಹೋಮರ್ ಅಣುವಿದ್ಯುತ್ ಸ್ಥಾವರದಲ್ಲಿ ಸುರಕ್ಷತೆ ನೋಡಿಕೊಳ್ಳುವವನು (ಇದೇ ಒಂದು ಜೋಕು). ಮೂರು ಮಕ್ಕಳು: ಹತ್ತು ವರ್ಷದ ತುಂಟ ಬಾರ್ಟ್, ಎಂಟು ವರ್ಷದ ಬುದ್ಧಿವಂತೆ ಲೀಸಾ, ಬಾಯಿಂದ ನಿಪ್ಪಲ್ ತೆಗೆಯದ ಮ್ಯಾಗಿ. ಜೊತೆಗೆ ಒಂದು ನಾಯಿ, ಒಂದು ಬೆಕ್ಕು, ಆಗಾಗ ಬಂದು ಹೋಗುವ ಮಾವ. ಇಷ್ಟನ್ನೂ ಎತ್ತಿ ನಿಲ್ಲಿಸಿರುವುದು ಮಾರ್ಜ್ ಒಬ್ಬಳೇ.

ಎಷ್ಟು ವರ್ಷದಿಂದ ಬರುತ್ತಿದೆ ಇದು?

ಮೊದಲು ಕಾಣಿಸಿಕೊಂಡಿದ್ದು 1987ರ ಏಪ್ರಿಲ್ 19ರಂದು. ಆಗ ಅದು ಟ್ರೇಸಿ ಉಲ್ಮನ್ ನಡೆಸಿಕೊಡುತ್ತಿದ್ದ ಹಾಸ್ಯ ಕಾರ್ಯಕ್ರಮದ ನಡುನಡುವೆ ಬರುವ ಪುಟ್ಟ ಕಾರ್ಟೂನು. ಅಂಥ 48 ತುಣುಕು ಬಂದ ಮೇಲೆ, 1989ರ ಡಿಸೆಂಬರ್ 17ರಂದು ಫಾಕ್ಸ್ ಚಾನೆಲ್‌ನಲ್ಲಿ ಅರ್ಧ ಗಂಟೆಯ ಧಾರಾವಾಹಿಯಾಗಿ ಶುರುವಾಯಿತು. ಇನ್ನೂ ನಿಂತಿಲ್ಲ. 2025ರಲ್ಲಿ ಮತ್ತೆ ನಾಲ್ಕು ಸೀಸನ್‌ಗೆ ಒಪ್ಪಂದ ಆಗಿದೆ. ನಮ್ಮಲ್ಲಿ ಮೊದಲು ಸ್ಟಾರ್ ವರ್ಲ್ಡ್ ಚಾನೆಲ್‌ನಲ್ಲಿ ಬರುತ್ತಿತ್ತು. ನಾನು ಹಾಸ್ಟೆಲ್ಲಿನ ಟಿವಿ ಕೋಣೆಯಲ್ಲಿ ನೋಡಿದವಳು, ಕ್ರಿಕೆಟ್ ಇಲ್ಲದ ದಿನ ಮಾತ್ರ ರಿಮೋಟ್ ಸಿಗುತ್ತಿತ್ತು.

ಮಾರ್ಜ್ ಅನ್ನುವ ಹೆಸರು ಎಲ್ಲಿಂದ ಬಂತು?

ಸೃಷ್ಟಿಕರ್ತ ಮ್ಯಾಟ್ ಗ್ರೇನಿಂಗ್ ಅವರ ಸ್ವಂತ ಅಮ್ಮನ ಹೆಸರು. ನಿರ್ಮಾಪಕ ಜೇಮ್ಸ್ ಎಲ್. ಬ್ರೂಕ್ಸ್ ಕಚೇರಿಯ ಹೊರಗೆ ಕಾಯುತ್ತಾ ಕೂತಿದ್ದಾಗ ಅವಸರದಲ್ಲಿ ಗೀಚಿದ ಕುಟುಂಬ ಇದು. ಹೆಸರಿಗೆ ಎಲ್ಲಿ ಹುಡುಕೋದು, ಮನೆಯವರದ್ದೇ ಇಟ್ಟುಬಿಟ್ಟರು. ಅಪ್ಪ ಹೋಮರ್, ಅಮ್ಮ ಮಾರ್ಗರೆಟ್ ಅಂದರೆ ಮಾರ್ಜ್, ತಂಗಿಯರು ಲೀಸಾ ಮತ್ತು ಮ್ಯಾಗಿ. ತನ್ನ ಹೆಸರನ್ನು ಮಾತ್ರ ಜಾಣತನದಿಂದ ಬಿಟ್ಟು, ಹುಡುಗನಿಗೆ ಬಾರ್ಟ್ ಅಂತ ಇಟ್ಟರು. ಅಮ್ಮನ ತವರಿನ ಹೆಸರು ವಿಗಮ್. ಅದು ಹೋಗಿ ಸೇರಿದ್ದು ಧಾರಾವಾಹಿಯಲ್ಲಿ ಬರುವ ದಡ್ಡ ಪೊಲೀಸ್ ಅಧಿಕಾರಿಗೆ! ನಿಜವಾದ ಮಾರ್ಗರೆಟ್ 2013ರಲ್ಲಿ ತೀರಿಕೊಂಡರು.

ಆ ಕೂದಲು ಏನು ಕಥೆ?

ಇದೇ ಅತಿ ಹೆಚ್ಚು ಕೇಳುವ ಪ್ರಶ್ನೆ. ಅರವತ್ತರ ದಶಕದಲ್ಲಿ ಗ್ರೇನಿಂಗ್ ಅವರ ಅಮ್ಮ ಕೂದಲನ್ನು ಹಾಗೆ ಎತ್ತರಕ್ಕೆ ಕಟ್ಟುತ್ತಿದ್ದರಂತೆ. ಅದಕ್ಕೆ ಹಳೆಯ ಫ್ರಾಂಕನ್‌ಸ್ಟೈನ್ ಸಿನಿಮಾದ ವಧುವಿನ ಕೂದಲೂ ಸೇರಿ ಈ ನೀಲಿ ಗೋಪುರ ಆಯಿತು.

ಅದರೊಳಗೆ ಮೊಲದ ಕಿವಿ ಇದೆ ಅನ್ನುವ ಮಾತು ಕೇಳಿರಬಹುದು. ಪೂರ್ತಿ ಸುಳ್ಳಲ್ಲ. ಗ್ರೇನಿಂಗ್ ಅದಕ್ಕೂ ಮೊದಲು ಮೊಲಗಳ ವ್ಯಂಗ್ಯಚಿತ್ರ ಬರೆಯುತ್ತಿದ್ದವರು. ಮಾರ್ಜ್ ಕೂಡ ಅದೇ ಮೊಲದ ಜಾತಿಯವಳು, ಕಿವಿ ಮುಚ್ಚಿಕೊಳ್ಳಲು ಈ ಕೂದಲು ಅಂತ ಕೊನೆಯಲ್ಲಿ ತೋರಿಸಬೇಕೆಂದು ಶುರುವಿನಲ್ಲಿ ಯೋಚಿಸಿದ್ದರು, ಆಮೇಲೆ ಕೈಬಿಟ್ಟರು. ಆದರೆ 1991ರ ಸಿಂಪ್ಸನ್ಸ್ ಆರ್ಕೇಡ್ ವಿಡಿಯೊ ಗೇಮಿನಲ್ಲಿ ಅವಳಿಗೆ ಕರೆಂಟ್ ಹೊಡೆದಾಗ ಆ ಕಿವಿ ಕಾಣುತ್ತದೆ. ಅಂದಹಾಗೆ ಆ ಆಟದಲ್ಲಿ ಅವಳ ಆಯುಧ ವ್ಯಾಕ್ಯೂಮ್ ಕ್ಲೀನರ್. ನಮ್ಮಲ್ಲಿ ಆಗಿದ್ದರೆ ಕಡ್ಡಿ ಪೊರಕೆ ಕೊಡುತ್ತಿದ್ದರು, ಸುಮ್ನೆ.

ನೀಲಿ ಬಣ್ಣ ಹುಟ್ಟಿದ್ದಲ್ಲ, ಹಚ್ಚಿದ್ದು. ಹದಿಹರೆಯದಲ್ಲೇ ನರೆತುಹೋಗಿತ್ತು ಅಂತ ಕಥೆಯಲ್ಲೇ ಬರುತ್ತದೆ. 2011ರ ಒಂದು ಕಂತಿನಲ್ಲಿ ಬಣ್ಣ ಹಚ್ಚುವುದು ನಿಲ್ಲಿಸಿ ಬಿಳಿ ಕೂದಲಲ್ಲೇ ಊರು ಸುತ್ತುತ್ತಾಳೆ. ಊರಿನವರು ಮಾತಾಡುವುದು ನೋಡಿದರೆ ಅದು ಸ್ಪ್ರಿಂಗ್‌ಫೀಲ್ಡೋ ನಮ್ಮ ಮನೆಯ ಗೃಹಪ್ರವೇಶವೋ ಗೊತ್ತಾಗುವುದಿಲ್ಲ.

ಆ ಗೊಗ್ಗರು ಧ್ವನಿ ಯಾರದ್ದು?

ಜೂಲಿ ಕ್ಯಾವ್ನರ್. 1950ರಲ್ಲಿ ಹುಟ್ಟಿದ ನಟಿ. ಟ್ರೇಸಿ ಉಲ್ಮನ್ ಕಾರ್ಯಕ್ರಮದಲ್ಲಿ ಆಗಲೇ ನಟಿಸುತ್ತಿದ್ದರು. ಕಾರ್ಟೂನಿಗೆ ಬೇರೆಯವರನ್ನು ಯಾಕೆ ಹುಡುಕೋದು, ಇಲ್ಲೇ ಇದ್ದಾರಲ್ಲ ಅಂತ ಅವರಿಗೇ ಕೊಟ್ಟರು. ಹೋಮರ್ ಧ್ವನಿ ಕೊಡುವ ಡ್ಯಾನ್ ಕ್ಯಾಸ್ಟೆಲನೆಟಾ ಕೂಡ ಹಾಗೇ ಬಂದವರು. ಮಾರ್ಜ್‌ಳ ಅವಳಿ ಅಕ್ಕಂದಿರಾದ ಪ್ಯಾಟಿ, ಸೆಲ್ಮಾ ಇಬ್ಬರ ಧ್ವನಿಯೂ ಕ್ಯಾವ್ನರ್ ಅವರದ್ದೇ. ಮೂವರೂ ಜಗಳ ಆಡುವಾಗ ನಿಜವಾಗಿ ಒಬ್ಬರೇ ತಮ್ಮ ಜೊತೆ ತಾವೇ ಜಗಳ ಆಡುತ್ತಿರುತ್ತಾರೆ. 1992ರಲ್ಲಿ ಮಾರ್ಜ್ ಪಾತ್ರಕ್ಕೆ ಅಮೆರಿಕದ ದೊಡ್ಡ ಟಿವಿ ಪ್ರಶಸ್ತಿಯಾದ ಎಮ್ಮಿ ಬಂತು.

ಈಚಿನ ಸೀಸನ್‌ಗಳಲ್ಲಿ ಧ್ವನಿ ಇನ್ನಷ್ಟು ಒರಟಾಗಿದೆ, ನಿಜ. ಎಪ್ಪತ್ತು ದಾಟಿದವರು ಮೂವತ್ನಾಲ್ಕರ ಹೆಂಗಸಿಗೆ ಧ್ವನಿ ಕೊಡುತ್ತಿದ್ದಾರೆ, ಇಷ್ಟಾದರೂ ಆಗಬೇಕಲ್ವಾ. ನನಗಂತೂ ಅದು ಹಿಡಿಸುತ್ತದೆ. ಅಷ್ಟು ವರ್ಷ ಒಂದೇ ಮನೆ ಗುಡಿಸಿದವಳ ಗಂಟಲು ಹಾಗೇ ಇರುತ್ತದೆ.

ಅವಳು ಮಾಡುವ ಆ 'ಹ್ಮ್ಮ್ಮ್' ಸದ್ದು ಏನು?

ಅದು ಬಯ್ಗುಳ. ಬಾಯಿ ತೆರೆಯದೆ ಬಯ್ಯುವುದು. ಬಾಗಿಲು ಒದ್ದುಕೊಂಡು ಬಂದ ಮಗನಿಗೆ ಒಂದು, ಸಂಬಳವೆಲ್ಲ ಯಾವುದೋ ಹುಚ್ಚು ವ್ಯಾಪಾರಕ್ಕೆ ಸುರಿದ ಗಂಡನಿಗೆ ಇನ್ನೊಂದು. ಎರಡಕ್ಕೂ ಉದ್ದ ಬೇರೆ, ಗಮನವಿಟ್ಟು ಕೇಳಿ. ಪಾತ್ರೆ ಸ್ವಲ್ಪ ಜೋರಾಗಿ ಇಟ್ಟು ವಿಷಯ ತಿಳಿಸುವ ಅಮ್ಮಂದಿರ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ.

ಇಷ್ಟೊಂದು ಸಹನೆ ಯಾಕೆ? ಪೆದ್ದಿನಾ?

ಅಲ್ಲ. ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಎರಡು ಮೂರು ಕಂತು ನೋಡಿ ಬಿಟ್ಟವರು.

ಮಾರ್ಜ್‌ಳ ಸಹನೆಗೆ ಒಂದು ಅಳತೆ ಇದೆ. ಅದು ಮುಗಿಯುತ್ತದೆ. ಮುಗಿದಾಗ ಏನಾಗುತ್ತದೆ ಅನ್ನುವುದೇ ಈ ಧಾರಾವಾಹಿಯ ಒಳ್ಳೆಯ ಕಂತುಗಳ ಅರ್ಧ ಪಾಲು. 1992ರ ಫೆಬ್ರವರಿಯಲ್ಲಿ ಬಂದ 'ಹೋಮರ್ ಅಲೋನ್' ನೋಡಿ. ಬೆಳಿಗ್ಗೆಯಿಂದ ಎಲ್ಲರ ಕೆಲಸ ಅವಳ ತಲೆ ಮೇಲೆ. ಓಡಾಡಿ ಓಡಾಡಿ ಕೊನೆಗೆ ಕಾರಿನಲ್ಲಿ ಹೋಗುವಾಗ ಮ್ಯಾಗಿಯ ಬಾಟಲಿಯ ಹಾಲು ಮೈಮೇಲೆಲ್ಲ ಚೆಲ್ಲುತ್ತದೆ. ಅಷ್ಟೇ. ದೊಡ್ಡ ದುಃಖ ಏನೂ ಆಗಿಲ್ಲ, ಯಾರೂ ಸತ್ತಿಲ್ಲ, ಹಾಲು ಚೆಲ್ಲಿದೆ. ಕಾರನ್ನು ಸೇತುವೆಯ ನಡುವೆ ಅಡ್ಡ ನಿಲ್ಲಿಸುತ್ತಾಳೆ. ಎರಡೂ ಕಡೆ ವಾಹನ ನಿಂತುಹೋಗುತ್ತವೆ. ಇಳಿಯುವುದಿಲ್ಲ, ಅಲುಗಾಡುವುದಿಲ್ಲ. ಪೊಲೀಸರು ಬರುತ್ತಾರೆ, ಗಂಡನೂ ಬರುತ್ತಾನೆ. ಆಮೇಲೆ ಅವಳು ಒಬ್ಬಳೇ ಒಂದು ವಿಶ್ರಾಂತಿಧಾಮಕ್ಕೆ ಹೋಗಿ ಬಾತ್‌ಟಬ್ಬಿನಲ್ಲಿ ಮುಳುಗಿ, ಬೇಕಾದ್ದು ತರಿಸಿಕೊಂಡು ತಿನ್ನುತ್ತಾಳೆ. ಮನೆಯಲ್ಲಿ ಹೋಮರ್ ಮಗುವನ್ನೇ ಕಳೆದುಕೊಂಡು ಕೂತಿರುತ್ತಾನೆ.

ಸೇತುವೆ ಮೇಲೆ ನಿಂತ ಆ ಕಾರು ನನಗೆ ಎಷ್ಟು ಸಲ ನೆನಪಾಗಿದೆಯೋ ಲೆಕ್ಕವಿಲ್ಲ. ಒಮ್ಮೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ, ಹಿಂದಿನ ಸೀಟಿನಲ್ಲಿ ಮಗಳು ಸ್ಕೂಲ್ ಬ್ಯಾಗಿನ ಮೇಲೆ ಮ್ಯಾಂಗೋ ಜ್ಯೂಸ್ ಚೆಲ್ಲಿಕೊಂಡಾಗ ಕೈ ಹ್ಯಾಂಡ್‌ಬ್ರೇಕಿನ ಮೇಲಿತ್ತು. ಅಲ್ಲಿ ನಿಲ್ಲಿಸಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಎಲ್ಲರೂ ನಿಂತೇ ಇದ್ದರು.

ಹಾಗಾದರೆ ಹೋಮರ್‌ನನ್ನು ಯಾಕೆ ಬಿಟ್ಟು ಹೋಗುವುದಿಲ್ಲ?

ಎರಡು ಉತ್ತರ ಇದೆ. ಮೊದಲನೆಯದು ಒಣ ಉತ್ತರ. ಜಾಹೀರಾತು ತೆಗೆದರೆ ಕಂತು ಇಪ್ಪತ್ತೆರಡು ನಿಮಿಷ. ಮುಂದಿನ ವಾರ ಎಲ್ಲವೂ ಮೊದಲಿನ ಹಾಗೆ ಇರಬೇಕು. ಬಿಟ್ಟು ಹೋದರೆ ಧಾರಾವಾಹಿಯೇ ಇಲ್ಲ. ಅವಳು ಕ್ಷಮಿಸುವುದು ಎಷ್ಟೋ ಸಲ ಬರಹಗಾರರ ಗಡಿಯಾರ ನೋಡಿಕೊಂಡು. ಇದನ್ನು ನಾನು ಒಪ್ಪಿಕೊಳ್ಳುತ್ತೇನೆ. ಹೋಮರ್ ಮಾಡುವ ಕೆಲವು ಕೆಲಸ ಯಾವ ಹೆಂಡತಿಯೂ ಹೊಟ್ಟೆಗೆ ಹಾಕಿಕೊಳ್ಳುವಂಥದ್ದಲ್ಲ. ಅಂಥ ಕಂತುಗಳ ಕೊನೆಯ ಅಪ್ಪುಗೆ ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಎರಡನೆಯ ಉತ್ತರಕ್ಕೆ 1990ರ ಮಾರ್ಚ್‌ನಲ್ಲಿ ಬಂದ 'ಲೈಫ್ ಆನ್ ದಿ ಫಾಸ್ಟ್ ಲೇನ್' ನೋಡಬೇಕು. ಅವಳ ಹುಟ್ಟುಹಬ್ಬ. ಹೋಮರ್ ಮರೆತಿರುತ್ತಾನೆ. ಕೊನೇ ಗಳಿಗೆಯಲ್ಲಿ ಓಡಿಹೋಗಿ ಒಂದು ಬೌಲಿಂಗ್ ಚೆಂಡು ತರುತ್ತಾನೆ (ಕ್ರಿಕೆಟ್‌ನದ್ದಲ್ಲ, ಬೆರಳು ತೂರಿಸಿ ಹಿಡಿದು, ಉರುಳಿಸಿ ಪಿನ್ ಬೀಳಿಸುತ್ತಾರಲ್ಲ, ಆ ದೊಡ್ಡ ಚೆಂಡು). ಚೆಂಡಿನ ಮೇಲೆ 'ಹೋಮರ್' ಅಂತ ಕೆತ್ತಿಸಿದೆ, ತೂತುಗಳು ಅವನ ಬೆರಳಿನ ಅಳತೆಗೆ. (ನಮ್ಮ ಮನೆಗೂ ಒಮ್ಮೆ ಮದುವೆ ದಿನದ ಉಡುಗೊರೆ ಅಂತ 55 ಇಂಚಿನ ಟಿವಿ ಬಂದಿತ್ತು. ಐಪಿಎಲ್ ಶುರುವಾಗಲು ಎರಡು ದಿನ ಇತ್ತು. ಇಷ್ಟೇ ಹೇಳುತ್ತೇನೆ.) ಮಾರ್ಜ್ ಹಠಕ್ಕೆ ಬಿದ್ದು, ನನಗೆ ತಂದಿದ್ದಲ್ವಾ, ನಾನೇ ಆಡುತ್ತೇನೆ ಅಂತ ಹೋಗುತ್ತಾಳೆ. ಅಲ್ಲಿ ಜಾಕ್ ಅನ್ನುವ ಫ್ರೆಂಚ್ ತರಬೇತುದಾರ. ಅವನು ಅವಳ ಬೆರಳಿನ ಅಳತೆಯ ಕೈಗವಸು ಕೊಡುತ್ತಾನೆ, ಅವಳ ಹೆಸರು ಹಾಕಿಸಿ. ಅವಳು ಹೇಳಿದ್ದನ್ನು ಕೇಳುತ್ತಾನೆ. ಕೊನೆಗೆ ತನ್ನ ಫ್ಲ್ಯಾಟಿಗೆ ಬಾ ಅನ್ನುತ್ತಾನೆ.

ಆಮೇಲೆ ಬರುತ್ತದೆ ನನಗೆ ಇಡೀ ಧಾರಾವಾಹಿಯಲ್ಲೇ ಅತಿ ಇಷ್ಟವಾದ ದೃಶ್ಯ. ಬೆಳಿಗ್ಗೆ, ಅಡುಗೆಮನೆ, ಮಾರ್ಜ್ ಡಬ್ಬಿ ಕಟ್ಟುತ್ತಿದ್ದಾಳೆ. ಹೋಮರ್‌ಗೆ ಜಾಕ್ ವಿಷಯದ ವಾಸನೆ ಬಡಿದಿದೆ, ಆದರೆ ಕೂಗಾಡುವುದಿಲ್ಲ. ನೀನು ಸ್ಯಾಂಡ್‌ವಿಚ್ ಮಾಡುವ ರೀತಿ ನನಗೆ ಯಾವತ್ತೂ ಇಷ್ಟ ಅನ್ನುತ್ತಾನೆ. ಬೇರೆಯವರು ಮಾಡಿದರೆ ಜೆಲ್ಲಿ ಹೊರಗೆ ಸೋರಿ ಕೈಯೆಲ್ಲ ಅಂಟು, ನೀನು ಮಾತ್ರ ಸರಿಯಾಗಿ ನಡುವೆ ಹಾಕುತ್ತೀಯ ಅನ್ನುವ ಅರ್ಥದ ಮಾತು. ಇಷ್ಟೇ ಹೇಳಿ ಕೆಲಸಕ್ಕೆ ಹೊರಡುತ್ತಾನೆ. ಹತ್ತು ವರ್ಷದಿಂದ ಡಬ್ಬಿ ಕಟ್ಟಿದವಳಿಗೆ, ಅದನ್ನು ಒಬ್ಬ ಗಮನಿಸಿದ್ದ ಅಂತ ಆ ದಿನ ಗೊತ್ತಾಗುತ್ತದೆ. ಆಮೇಲೆ ಮಾರ್ಜ್ ಕಾರಿನಲ್ಲಿ ಹೋಗುವಾಗ ದಾರಿ ಎರಡಾಗಿ ಒಡೆಯುತ್ತದೆ. ಒಂದು ಜಾಕ್ ಮನೆಗೆ, ಇನ್ನೊಂದು ಅಣುಸ್ಥಾವರಕ್ಕೆ. ಅವಳು ಸ್ಥಾವರಕ್ಕೆ ಹೋಗುತ್ತಾಳೆ. ಆ ವರ್ಷದ ಅತ್ಯುತ್ತಮ ಅನಿಮೇಷನ್ ಎಮ್ಮಿ ಈ ಕಂತಿಗೇ ಬಂತು.

ನನಗೆ ಅನ್ನಿಸುವುದು ಇಷ್ಟು. ಅವಳು ಉಳಿದಿದ್ದಾಳೆ ಅನ್ನುವುದಕ್ಕಿಂತ, ಪ್ರತಿ ಸಲ ಕಾರು ನಿಲ್ಲಿಸಿ ದಾರಿ ನೋಡಿ ಆಮೇಲೆ ತಿರುಗಿಸಿದ್ದಾಳೆ. 2007ರ ಸಿನಿಮಾದಲ್ಲಿ ನಿಜವಾಗಿಯೂ ಬಿಟ್ಟು ಹೋಗುತ್ತಾಳೆ. ತನ್ನ ಮದುವೆಯ ವಿಡಿಯೊ ಕ್ಯಾಸೆಟ್ ಮೇಲೆಯೇ ವಿದಾಯದ ಮಾತು ರೆಕಾರ್ಡ್ ಮಾಡಿಟ್ಟು ಹೋಗುತ್ತಾಳೆ. ಆ ಒಂದು ಮಾತಿಗೆ ಕ್ಯಾವ್ನರ್ ನೂರಕ್ಕೂ ಹೆಚ್ಚು ಸಲ ಧ್ವನಿ ಕೊಟ್ಟರಂತೆ. ಕೇಳಿದರೆ ನಂಬಿಕೆ ಬರುತ್ತದೆ. ಅಲ್ಲಿ ಒಂದೂ ಜೋಕಿಲ್ಲ.

ಮನೆಗೆಲಸ ಬಿಟ್ಟು ಅವಳಿಗೆ ಬೇರೇನೂ ಬರುವುದಿಲ್ವಾ?

ಬಾರದ್ದು ಏನಿದೆ ಅಂತ ಕೇಳಿ. ಪೊಲೀಸ್ ಆಗಿದ್ದಾಳೆ, ಮನೆ ಮಾರುವ ಏಜೆಂಟ್ ಆಗಿದ್ದಾಳೆ, ಅದೇ ಅಣುಸ್ಥಾವರದಲ್ಲಿ ಗಂಡನ ಜೊತೆ ಕೆಲಸ ಮಾಡಿದ್ದಾಳೆ, ಪ್ರೆಟ್ಜೆಲ್ ಅನ್ನುವ ತಿಂಡಿಯ ವ್ಯಾಪಾರ ನಡೆಸಿದ್ದಾಳೆ, ಬಡಗಿ ಕೆಲಸ ಕಲಿತಿದ್ದಾಳೆ. ಚೆನ್ನಾಗಿ ಚಿತ್ರ ಬರೆಯುತ್ತಾಳೆ. ಹೈಸ್ಕೂಲಿನಲ್ಲಿ ಬೀಟಲ್ಸ್ ತಂಡದ ರಿಂಗೊ ಸ್ಟಾರ್‌ನ ಚಿತ್ರ ಬರೆದು ಅವನಿಗೇ ಕಳಿಸಿರುತ್ತಾಳೆ, ಎಷ್ಟೋ ವರ್ಷದ ಮೇಲೆ ಅವನಿಂದ ಉತ್ತರ ಬರುತ್ತದೆ. ಆ ಕಂತಿಗೆ ರಿಂಗೊ ತಾನೇ ಧ್ವನಿ ಕೊಟ್ಟಿದ್ದಾನೆ.

ಆದರೆ ಪ್ರತಿ ಕೆಲಸವೂ ಒಂದೇ ವಾರ. ಮುಂದಿನ ಕಂತಿಗೆ ಮತ್ತೆ ಅಡುಗೆಮನೆ. ಇದು ಧಾರಾವಾಹಿಯ ಕಟ್ಟುಪಾಡು ಅಂತ ಗೊತ್ತಿದ್ದರೂ, ಮದುವೆ ಆದ ಮೇಲೆ ಟೈಲರಿಂಗ್, ಬ್ಯೂಟಿ ಪಾರ್ಲರ್, ಎಲ್‌ಐಸಿ ಏಜೆನ್ಸಿ ಅಂತ ಒಂದೊಂದನ್ನೂ ಆರಾರು ತಿಂಗಳು ಮಾಡಿ ಬಿಡಬೇಕಾಗಿ ಬಂದ ನನ್ನ ಚಿಕ್ಕಮ್ಮಂದಿರು ಕಣ್ಣ ಮುಂದೆ ಬರುತ್ತಾರೆ. ಅವರು ಯಾರೂ ಕೆಲಸ ಬಾರದೆ ಬಿಟ್ಟವರಲ್ಲ.

ಒಂದೇ ಒಂದು ಮಾರ್ಜ್ ಕಂತು ನೋಡಬೇಕು ಅಂದರೆ?

ಎರಡು ಹೇಳುತ್ತೇನೆ. ಒಂದು ಆಗಲೇ ಹೇಳಿದ ಬೌಲಿಂಗ್ ಚೆಂಡಿನದ್ದು. ಇನ್ನೊಂದು 1996ರದ್ದು, ಗುಲಾಬಿ ಬಣ್ಣದ ಶನೆಲ್ ಸೂಟಿನ ಕಥೆ. 2800 ಡಾಲರಿನ ಸೂಟು ರಿಯಾಯಿತಿ ಅಂಗಡಿಯಲ್ಲಿ 90 ಡಾಲರಿಗೆ ಸಿಗುತ್ತದೆ. ಲೀಸಾ ಒತ್ತಾಯಕ್ಕೆ ಕೊಳ್ಳುತ್ತಾಳೆ. ಅದನ್ನು ಹಾಕಿಕೊಂಡಾಗ ಹಳೆಯ ಸಹಪಾಠಿಯೊಬ್ಬಳು ನೋಡಿ, ಇವಳೂ ದುಡ್ಡಿರುವವಳು ಅಂದುಕೊಂಡು, ಊರಿನ ದೊಡ್ಡ ಕ್ಲಬ್ಬಿಗೆ ಕರೆಯುತ್ತಾಳೆ. ಅಲ್ಲಿಗೆ ದಿನವೂ ಹೋಗಬೇಕು, ಇರುವುದು ಒಂದೇ ಸೂಟು. ಮಾರ್ಜ್ ರಾತ್ರಿ ಹೊಲಿಗೆ ಯಂತ್ರದ ಮುಂದೆ ಕೂತು ಅದನ್ನೇ ಕತ್ತರಿಸಿ, ತಿರುಗಿಸಿ, ಬೇರೆ ಬೇರೆ ಉಡುಪು ಮಾಡುತ್ತಾಳೆ. ಒಂದೇ ರೇಷ್ಮೆ ಸೀರೆಯನ್ನು ಬ್ಲೌಸ್ ಬದಲಿಸಿ ಮೂರು ಮದುವೆಗೆ ಉಟ್ಟವರಿಗೆ ಆ ಹೊಲಿಗೆ ಯಂತ್ರದ ಸದ್ದು ಬೇರೆ ರೀತಿ ಕೇಳಿಸುತ್ತದೆ. ಒಂದು ರಾತ್ರಿ ಸೂಟು ಯಂತ್ರಕ್ಕೆ ಸಿಕ್ಕಿ ಚಿಂದಿಯಾಗುತ್ತದೆ.

ಈ ಕಂತಿನಲ್ಲಿ ಅವಳು ಒಳ್ಳೆಯವಳಲ್ಲ. ಮಕ್ಕಳ ಮೇಲೆ ಸಿಡುಕುತ್ತಾಳೆ, ಕ್ಲಬ್ಬಿನಲ್ಲಿ ಹೀಗಿರಬೇಡಿ ಹಾಗಿರಬೇಡಿ ಅನ್ನುತ್ತಾಳೆ, ಉಳಿತಾಯದ ದುಡ್ಡು ಸುರಿದು ಹೊಸ ಗೌನು ತರುತ್ತಾಳೆ. ಆಸೆ ಇರುವ ಮಾರ್ಜ್. ಸಹನಾಮೂರ್ತಿ ಅಂತ ಎತ್ತರದಲ್ಲಿ ಕೂರಿಸದೆ, ಅವಳಿಗೂ ನಾಲ್ಕು ಜನರ ಮುಂದೆ ಚೆನ್ನಾಗಿ ಕಾಣಬೇಕು ಅನ್ನಿಸುತ್ತದೆ ಅಂತ ತೋರಿಸಿದ್ದಕ್ಕೆ ಬರೆದವರಿಗೆ ಕೈ ಮುಗಿಯಬೇಕು.

ಅಮ್ಮನಾಗಿ ಹೇಗೆ?

ತಪ್ಪು ಮಾಡುತ್ತಾಳೆ, ಬೇಗ ತಿದ್ದಿಕೊಳ್ಳುತ್ತಾಳೆ. ಮೊದಲ ಸೀಸನ್ನಿನಲ್ಲೇ ಲೀಸಾ ಯಾಕೋ ಮಂಕಾಗಿರುವ ಒಂದು ಕಂತಿದೆ. ಮಾರ್ಜ್‌ಗೆ ಅವಳಮ್ಮ ಕಲಿಸಿದ್ದು, ಒಳಗೆ ಏನೇ ಇರಲಿ ಮುಖದಲ್ಲಿ ನಗು ಇರಲಿ ಅಂತ. ಅದನ್ನೇ ಮಗಳಿಗೂ ಹೇಳಿ ಶಾಲೆಗೆ ಬಿಡುತ್ತಾಳೆ. ಕಾರಿನಿಂದ ನೋಡುತ್ತಾಳೆ: ಲೀಸಾ ಹಲ್ಲು ಕಿರಿದು ನಿಂತಿದ್ದಾಳೆ, ಹುಡುಗರು ಅವಳ ಮೇಲೆ ತಮ್ಮ ಹೋಮ್‌ವರ್ಕ್ ಹೇರುತ್ತಿದ್ದಾರೆ. ಒಂದೇ ಕ್ಷಣ, ಕಾರು ತಿರುಗಿಸಿ ಮಗಳನ್ನು ಎಳೆದುಕೊಂಡು ಹೊರಡುತ್ತಾಳೆ. ಅಳು ಬಂದರೆ ಅಳು, ನಿನಗೆ ಸಾಕಾಗುವವರೆಗೂ ನಾವು ಇಲ್ಲೇ ಇರುತ್ತೇವೆ ಅನ್ನುವ ರೀತಿ ಹೇಳುತ್ತಾಳೆ. ಆಗ ಲೀಸಾ ನಿಜವಾಗಿ ನಗುತ್ತಾಳೆ.

ಬಾರ್ಟ್ ಅಂಗಡಿಯಿಂದ ವಿಡಿಯೊ ಗೇಮ್ ಕದಿಯುವ 1995ರ ಕಂತು ಇದಕ್ಕಿಂತ ಗಟ್ಟಿ. ಅವಳು ಹೊಡೆಯುವುದಿಲ್ಲ, ಬಯ್ಯುವುದಿಲ್ಲ. ಮಗನನ್ನು ಜಾಸ್ತಿ ಮುದ್ದು ಮಾಡಿಬಿಟ್ಟೆನೇನೋ ಅಂದುಕೊಂಡು ರಾತ್ರಿ ಹೊದಿಸಿ ಮಲಗಿಸುವುದನ್ನು ನಿಲ್ಲಿಸುತ್ತಾಳೆ. ಅಷ್ಟಕ್ಕೇ ಹುಡುಗ ಕರಗಿಹೋಗುತ್ತಾನೆ.

ಅಮೆರಿಕದ ಅಧ್ಯಕ್ಷರ ಹೆಂಡತಿಗೆ ಪತ್ರ ಬರೆದಳಂತೆ, ನಿಜವಾ?

ನಿಜ. 1990ರಲ್ಲಿ ಬಾರ್ಬರಾ ಬುಷ್ ಒಂದು ಪತ್ರಿಕೆಗೆ ಮಾತಾಡುತ್ತಾ, ತಾನು ನೋಡಿದ್ದರಲ್ಲೇ ಅತ್ಯಂತ ದಡ್ಡ ಕಾರ್ಯಕ್ರಮ ಇದು ಅಂದರು. ಧಾರಾವಾಹಿಯವರು ಕೂಗಾಡಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಮಾರ್ಜ್ ಹೆಸರಿನಲ್ಲಿ ಒಂದು ವಿನಯದ ಪತ್ರ ಕಳಿಸಿದರು. ನಾನೂ ಗಂಡನ ಜೊತೆ ನಿಂತು ಸಂಸಾರ ತೂಗಿಸುವವಳು, ನಿಮ್ಮ ಮಾತಿನಿಂದ ನೋವಾಯಿತು ಅನ್ನುವ ಧಾಟಿ. ಅಕ್ಟೋಬರಿನಲ್ಲಿ ವೈಟ್ ಹೌಸಿನಿಂದ ಉತ್ತರ ಬಂತು, ಬಾಯಿ ಜಾರಿದ್ದಕ್ಕೆ ಕ್ಷಮಿಸಿ ಅಂತ. ಇಲ್ಲದ ಹೆಂಗಸಿನ ಹತ್ತಿರ ಇರುವ ಹೆಂಗಸು ಕ್ಷಮೆ ಕೇಳಿದರು. ಇದೇ ಪತ್ರವನ್ನು ಹೋಮರ್ ಹೆಸರಿನಲ್ಲಿ ಬರೆದಿದ್ದರೆ ಉತ್ತರ ಬರುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಅವಳು ಮಡಿವಂತೆ, ಎಲ್ಲದಕ್ಕೂ ಅಡ್ಡ ಬರುತ್ತಾಳೆ ಅನ್ನುತ್ತಾರಲ್ಲ?

ಸ್ವಲ್ಪ ಹೌದು. 1990ರ ಡಿಸೆಂಬರಿನ ಕಂತೊಂದರಲ್ಲಿ ಪುಟ್ಟ ಮ್ಯಾಗಿ ಕಾರ್ಟೂನ್ ನೋಡಿ ಅಪ್ಪನ ತಲೆಗೆ ಕೊಡತಿಯಲ್ಲಿ ಹೊಡೆಯುತ್ತಾಳೆ. ಮಾರ್ಜ್ ಆ ಕಾರ್ಟೂನಿನ ವಿರುದ್ಧ ಚಳವಳಿ ಮಾಡಿ ಗೆಲ್ಲುತ್ತಾಳೆ. ಆಮೇಲೆ ಮೈಕೆಲ್ಯಾಂಜೆಲೊನ ಡೇವಿಡ್ ಶಿಲ್ಪ ಊರಿಗೆ ಬರುತ್ತದೆ. ಬಟ್ಟೆ ಇಲ್ಲ, ಇದನ್ನೂ ನಿಲ್ಲಿಸೋಣ ಬಾ ಅಂತ ಅವಳದೇ ಗುಂಪು ಕರೆಯುತ್ತದೆ. ಅದು ಕಲೆ ಅನ್ನುತ್ತಾಳೆ. ಹಾಗಾದರೆ ಕಾರ್ಟೂನು? ಉತ್ತರ ಇಲ್ಲ. ಇಲ್ಲ ಅಂತ ಎಲ್ಲರೆದುರು ಒಪ್ಪಿಕೊಳ್ಳುತ್ತಾಳೆ. ಬೇರೆ ಧಾರಾವಾಹಿಯಲ್ಲಾದರೆ ಅವಳನ್ನು ಗೇಲಿ ಮಾಡಿ ಮುಗಿಸುತ್ತಿದ್ದರು.

ಕಂತಿನ ಶುರುವಿನ ಶೀರ್ಷಿಕೆ ದೃಶ್ಯದಲ್ಲಿ ಮ್ಯಾಗಿಯನ್ನು ಅಂಗಡಿಯ ಯಂತ್ರ ಸ್ಕ್ಯಾನ್ ಮಾಡುತ್ತದಲ್ಲ, ಎಷ್ಟು ಬೆಲೆ?

847.63 ಡಾಲರ್. ಆಗಿನ ಕಾಲಕ್ಕೆ ಅಮೆರಿಕದಲ್ಲಿ ಒಂದು ಕೂಸನ್ನು ತಿಂಗಳು ಸಾಕಲು ತಗಲುವ ಖರ್ಚು ಅದು. 2009ರಲ್ಲಿ ಶೀರ್ಷಿಕೆ ಹೊಸದಾಗಿ ಮಾಡಿದಾಗ ಅಂಕಿ ಬದಲಾಯಿತು.

ಅವಳ ವಯಸ್ಸೆಷ್ಟು?

34, ಕೆಲವು ಕಡೆ 36. ಯಾವತ್ತೂ ಅಷ್ಟೇ. 1991ರ ಕಂತಿನಲ್ಲಿ ಅವಳು ಹೋಮರ್‌ನನ್ನು ಹೈಸ್ಕೂಲಿನಲ್ಲಿ ಭೇಟಿಯಾಗಿದ್ದು 1974ರಲ್ಲಿ. 2008ರ ಕಂತೊಂದರಲ್ಲಿ ಅವರು ಪ್ರೀತಿಸುತ್ತಿದ್ದ ಕಾಲ ತೊಂಬತ್ತರ ದಶಕಕ್ಕೆ ಜಾರಿತು. ನಾನು ನೋಡಲು ಶುರು ಮಾಡಿದಾಗ ಅವಳು ನನ್ನ ಅಮ್ಮನ ಹಾಗಿದ್ದಳು, ನಡುವೆ ಒಂದಷ್ಟು ವರ್ಷ ಅಕ್ಕ, ಈಗ ನನಗಿಂತ ಚಿಕ್ಕವಳು.

ಮಾರ್ಜ್ ಸತ್ತುಹೋದಳಂತೆ?

ಇಲ್ಲಪ್ಪ. 2025ರ ಮೇ ತಿಂಗಳಲ್ಲಿ ಬಂದ ಸೀಸನ್‌ನ ಕೊನೆಯ ಕಂತಿನಲ್ಲಿ ಭವಿಷ್ಯದ ಒಂದು ದೃಶ್ಯ ಇತ್ತು, ಅದರಲ್ಲಿ ಅವಳು ತೀರಿಕೊಂಡಿರುತ್ತಾಳೆ. ಗೋರಿಕಲ್ಲಿನ ಮೇಲೆ ಪ್ರೀತಿಯ ಹೆಂಡತಿ, ತಾಯಿ ಅಂತ ಬರೆದು, ಜೊತೆಗೆ ಹಂದಿಮಾಂಸಕ್ಕೆ ಮಸಾಲೆ ಹಚ್ಚುವವಳು ಅಂತಲೂ ಇರುತ್ತದೆ. ಜಗತ್ತಿನ ಎಲ್ಲ ಪತ್ರಿಕೆಗಳೂ ಸತ್ತಳು ಅಂತ ಬರೆದವು. ಭವಿಷ್ಯದ ಕಂತುಗಳು ಬರೀ ಕಲ್ಪನೆ, ಗಟ್ಟಿಯಲ್ಲ ಅಂತ ನಿರ್ಮಾಪಕರು ಹೇಳಬೇಕಾಯಿತು. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ 'ಓಂ ಶಾಂತಿ' ಕೂಡ ಬಿತ್ತು.

ಅವಳು ಬೆಂಗಳೂರಿಗೆ ಬಂದಿದ್ದಾಳಂತೆ, ತಮಾಷೆನಾ?

ತಮಾಷೆಯಲ್ಲ. 2006ರ ಏಪ್ರಿಲ್ 9ರಂದು ಬಂದ ಕಂತು. ಸ್ಥಾವರದ ಮಾಲೀಕ ಬರ್ನ್ಸ್ ಎಲ್ಲ ಕೆಲಸವನ್ನೂ ಬೆಂಗಳೂರಿಗೆ ಹೊರಗುತ್ತಿಗೆ ಕೊಡುತ್ತಾನೆ. ಕಲಿಸಿಕೊಡಲು ಹೋಮರ್ ಬರುತ್ತಾನೆ, ಬಂದವನು ತನ್ನನ್ನೇ ದೇವರು ಅಂದುಕೊಂಡುಬಿಡುತ್ತಾನೆ. ಹುಡುಕಿಕೊಂಡು ಮಾರ್ಜ್ ಮಕ್ಕಳ ಜೊತೆ ಬರುತ್ತಾಳೆ. ಕೇಳಿದಾಗ ಖುಷಿಯಾಗಿತ್ತು, ನೋಡಿದಾಗ ಅಷ್ಟಕ್ಕಷ್ಟೆ. ಹೆಸರು ಬೆಂಗಳೂರು, ಊರು ಮಾತ್ರ ಎಲ್ಲಿಯದೋ. ಒಂದು ದರ್ಶಿನಿ ಇಲ್ಲ, ಆಟೊದವನ ಹತ್ತಿರ ಮೀಟರ್ ಜಗಳ ಇಲ್ಲ. ಮಾರ್ಜ್ ಮತ್ತು ಆಟೊ ಚಾಲಕ, ಇಬ್ಬರ ಸಹನೆಗೂ ಪರೀಕ್ಷೆ ಆಗುತ್ತಿತ್ತು, ಒಳ್ಳೆ ಅವಕಾಶ ಹಾಳು ಮಾಡಿಕೊಂಡರು.

ಅಪುವಿನ ಹೆಂಡತಿಯಾಗಿ ನಟಿಸಿದ್ದು ಇವಳೇನಾ?

ಇವಳೇ. 1997ರ ಕಂತು. ಸ್ಪ್ರಿಂಗ್‌ಫೀಲ್ಡಿನಲ್ಲಿ ಅಂಗಡಿ ಇಟ್ಟಿರುವ ಭಾರತೀಯ ಅಪುವಿಗೆ ಊರಿನಿಂದ ಅಮ್ಮ ಹೆಣ್ಣು ಗೊತ್ತು ಮಾಡಿರುತ್ತಾರೆ. ತಪ್ಪಿಸಿಕೊಳ್ಳಲು, ನನಗೆ ಮದುವೆ ಆಗಿದೆ, ಇವಳೇ ನನ್ನ ಹೆಂಡತಿ ಅಂತ ಮಾರ್ಜ್‌ಳನ್ನು ತೋರಿಸುತ್ತಾನೆ. ಉಪಾಯ ಹೋಮರ್‌ದು, ಪಾಡು ಮಾರ್ಜ್‌ದು. ಅಪು ಪಾತ್ರದ ಉಚ್ಚಾರಣೆ, ಗೇಲಿ ಬಗ್ಗೆ ಆಮೇಲೆ ದೊಡ್ಡ ಚರ್ಚೆಯಾಯಿತು. ಹ್ಯಾಂಕ್ ಅಜಾರಿಯಾ 2020ರಲ್ಲಿ ಆ ಧ್ವನಿ ಕೊಡುವುದನ್ನು ನಿಲ್ಲಿಸಿದರು. ನಿಲ್ಲಿಸಿದ್ದು ಸರಿ ಅಂತಲೇ ನನಗನ್ನಿಸುತ್ತದೆ. ಆದರೆ ಅಮ್ಮ ಊರಿನಿಂದ ಬಂದು ಹೆಣ್ಣಿನ ವಿಷಯ ಎತ್ತುವ ಭಾಗಕ್ಕೆ ನಾನು ನಕ್ಕಿದ್ದೂ ನಿಜ.

ಪ್ಲೇಬಾಯ್ ಮುಖಪುಟದಲ್ಲಿ ಬಂದಿದ್ದಳಾ?

2009ರ ನವೆಂಬರ್ ಸಂಚಿಕೆ. ಆ ಮುಖಪುಟದಲ್ಲಿ ಬಂದ ಮೊದಲ ಕಾರ್ಟೂನ್ ಪಾತ್ರ. ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಅಂಚೆಚೀಟಿಯಲ್ಲೂ ಬಂದಿದ್ದಳು. ಒಂದೇ ವರ್ಷದಲ್ಲಿ ಎರಡೂ ಕಡೆ ಬರುವುದು ಸುಲಭವಲ್ಲ.

ಬೇರೆ ದೇಶಗಳಲ್ಲೂ ಇದೇ ಹೆಸರಾ?

2005ರಲ್ಲಿ ಅರಬ್ಬಿಗೆ ಡಬ್ ಮಾಡಿದಾಗ ಹೋಮರ್ ಒಮರ್ ಆದ, ಬಾರ್ಟ್ ಬದ್ರ್ ಆದ, ಮಾರ್ಜ್ ಮೋನಾ ಆದಳು. ಹೋಮರ್ ಕುಡಿಯುವ ಬಿಯರ್ ಸೋಡಾ ಆಯಿತು. ಜನ ಒಪ್ಪಲಿಲ್ಲ, ಬೇಗ ನಿಂತುಹೋಯಿತು. ಕುಡಿಯದ ಹೋಮರ್ ಜೊತೆ ಸಹನೆ ಯಾತಕ್ಕೆ ಬೇಕು, ಹೇಳಿ.

ಮಕ್ಕಳ ಜೊತೆ ನೋಡಬಹುದಾ?

ಕಾರ್ಟೂನ್ ಅಂತ ಮೂರು ವರ್ಷದವರನ್ನು ಕೂರಿಸಬೇಡಿ. ಹತ್ತು ಹನ್ನೆರಡರ ಮೇಲೆ, ಪಕ್ಕದಲ್ಲಿ ಕೂತು ನೋಡಿ. ಹ್ಯಾಲೋವೀನ್ ಕಂತುಗಳಲ್ಲಿ ರಕ್ತ ಜಾಸ್ತಿ. ನನ್ನ ಸಲಹೆ ಕೇಳಿದರೆ ಎರಡನೇ ಸೀಸನ್ನಿನಿಂದ ಎಂಟರವರೆಗೆ ಮೊದಲು ನೋಡಿ. ಮೊದಲ ಸೀಸನ್ನಿನ ಚಿತ್ರಗಳು ಸ್ವಲ್ಪ ಸೊಟ್ಟ, ಆದರೆ ಬೌಲಿಂಗ್ ಚೆಂಡು ಅಲ್ಲೇ ಇರುವುದು.

ಇಂಗ್ಲಿಷ್ ಬಾರದ ಅಮ್ಮನಿಗೆ ಅರ್ಥವಾಗುತ್ತದಾ?

ನಮ್ಮಮ್ಮನನ್ನೇ ಕೂರಿಸಿ ನೋಡಿದ್ದೇನೆ. ಸೊಪ್ಪು ಬಿಡಿಸುತ್ತಾ ನಾಲ್ಕು ಕಂತು ನೋಡಿದರು. ಮಾತು ಒಂದೂ ಅರ್ಥವಾಗಲಿಲ್ಲ. ಜೋಕಿಗೆ ನಗಲಿಲ್ಲ. ನಾಲ್ಕನೆಯದು ಮುಗಿದ ಮೇಲೆ ಕೇಳಿದರು: "ಇವಳ್ಯಾಕೆ ಕೂತ್ಕೊಳ್ಳೋದೇ ಇಲ್ಲ?"

ಕೂರುತ್ತಾಳಲ್ಲಮ್ಮ, ಪ್ರತಿ ಕಂತಿನ ಶುರುವಿನಲ್ಲಿ ಎಲ್ಲರೂ ಓಡಿಬಂದು ಸೋಫಾ ಮೇಲೆ ಕೂರುತ್ತಾರಲ್ಲ, ಅಂದೆ. ಮುಂದಿನ ಕಂತು ಹಾಕಿದೆ. ಐದೂ ಜನ ಓಡಿಬಂದರು. ಆ ಸಲದ ತಮಾಷೆಗೆ ಸೋಫಾ ಎಲ್ಲರನ್ನೂ ನುಂಗಿಹಾಕಿತು.

ಅಮ್ಮ ನನ್ನ ಮುಖ ನೋಡಿದರು. ಸೊಪ್ಪಿನ ತಟ್ಟೆ ತೆಗೆದುಕೊಂಡು ಒಳಗೆ ಹೋದರು.